ಅಗ್ಗದ ಅಂಚೆಚೀಟಿಯ ಸಾಕ್ಷ್ಯ

ಅಮೆರಿಕದ ಹಳೆಯ ಅಂಚೆಚೀಟಿ ಕೂಡಿಸುವವರ ಕಣ್ಣು ಮೊದಲು ಹೋಗುವುದು ಸ್ಮರಣಾರ್ಥ ಚೀಟಿಗಳತ್ತ. ವರ್ಷಗಟ್ಟಲೆ ಅದೇ ಚಿತ್ರ ಹೊತ್ತು ಕೋಟಿಗಟ್ಟಲೆ ಅಚ್ಚಾದ ದಿನಬಳಕೆಯ ಚೀಟಿಗಳು ಆಲ್ಬಮ್ಮಿನ ಮೂಲೆ ಸೇರುತ್ತವೆ. ಈ ಕ್ರಮ ತಿರುವುಮುರುವಾಗಬೇಕು. ಸರ್ಕಾರ ಮೆರೆಸಲು ಬಯಸಿದ್ದು ಸ್ಮರಣಾರ್ಥ ಚೀಟಿಯಲ್ಲಿದ್ದರೆ, ಅದು ದಿನದಿನ ಪಟ್ಟ ಪಾಡು ಈ ಅಗ್ಗದ ಚೀಟಿಗಳಲ್ಲಿದೆ. 1908ರಲ್ಲಿ ಶುರುವಾದ ವಾಷಿಂಗ್ಟನ್-ಫ್ರಾಂಕ್ಲಿನ್ ಸರಣಿಯನ್ನೇ ನೋಡಿ. ಎರಡು ಸೆಂಟಿನ ಕೆಂಪು ವಾಷಿಂಗ್ಟನ್ನುಗಳನ್ನು ಸಾಲಾಗಿ ಜೋಡಿಸಿದರೆ ಎಲ್ಲವೂ ಒಂದೇ ಅನ್ನಿಸುತ್ತವೆ. ಅಂಚಿಗೆ ಅಳತೆಪಟ್ಟಿ ಹಿಡಿದು 2 ಸೆಂಟಿಮೀಟರಿಗೆ ಎಷ್ಟು ರಂಧ್ರ ಎಂದು ಎಣಿಸಿದರೆ ಒಂದರಲ್ಲಿ 12, ಇನ್ನೊಂದರಲ್ಲಿ 10, ಮತ್ತೊಂದರಲ್ಲಿ 11. ಹನ್ನೆರಡಿದ್ದಾಗ ಹಾಳೆ ಅತಿ ಸುಲಭವಾಗಿ ಹರಿದುಬರುತ್ತಿತ್ತು. 1914ರಲ್ಲಿ ಹತ್ತಕ್ಕಿಳಿಸಿದರೆ ಚೀಟಿ ಬಿಡಿಸುವುದೇ ಕಷ್ಟವಾಯಿತು. 1917ರ ಹೊತ್ತಿಗೆ ಹನ್ನೊಂದಕ್ಕೆ ಬಂದು ನಿಂತರು. ಮೊದಲ ಮಹಾಯುದ್ಧವೂ ಇಲ್ಲಿದೆ. 1917ರ ನವೆಂಬರಿನಲ್ಲಿ ಪತ್ರದ ದರ ಮೂರು ಸೆಂಟಿಗೇರಿ, 1919ರ ಜುಲೈನಲ್ಲಿ ಮತ್ತೆ ಎರಡಕ್ಕಿಳಿಯಿತು. ಯುದ್ಧಕಾಲದ ಕಳಪೆ ಶಾಯಿಗೆ ಅಚ್ಚಿನ ಫಲಕಗಳು ಸವೆಯತೊಡಗಿದಾಗ ಕೆಲವು ಚೀಟಿಗಳನ್ನು ಆಫ್‌ಸೆಟ್‌ನಲ್ಲಿ ಮುದ್ರಿಸಿದರು. ಅವುಗಳ ಮೇಲೆ ಶಾಯಿಯ ಉಬ್ಬಿಲ್ಲ, ಗೆರೆಗಳು ಮಂಕು. ಇದರ ನಂತರದ ಸರಣಿಯಲ್ಲಿ, 1929ರಲ್ಲಿ, ಕಳ್ಳತನ ತಡೆಯಲೆಂದು ಕಾನ್ಸಾಸ್, ನೆಬ್ರಾಸ್ಕಾ ರಾಜ್ಯಗಳ ಚೀಟಿಗಳ ಮೇಲೆ ರಾಜ್ಯದ ಹೆಸರನ್ನೇ ಒತ್ತಿದರು. ಅಂಚೆ ಕಚೇರಿಗಳ ಲೂಟಿಗೆ ಇದಕ್ಕಿಂತ ನೇರವಾದ ದಾಖಲೆ ಬೇಕೇ?

ರಂಧ್ರ ಎಣಿಸುವ ಈ ಕೆಲಸ ಕೂದಲು ಸೀಳಿದಂತೆ ಎನ್ನುವವರಿದ್ದಾರೆ. ಕಾರಣ ಹುಡುಕದೆ ಬರೀ ಎಣಿಸಿ ಪಟ್ಟಿ ಮಾಡುವವರ ಮಟ್ಟಿಗೆ ಆ ಮಾತು ನಿಜ. ಈ ಚೀಟಿಗಳಲ್ಲಿ ಹೆಚ್ಚಿನವಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ ಎಂಬ ಆಕ್ಷೇಪವೂ ಸರಿಯೇ. ಹೂಡಿಕೆಯೆಂದು ಕೊಳ್ಳುವವರು ದೂರ ಉಳಿಯುವುದು ಒಳ್ಳೆಯದು. ಆದರೆ ಬೆಲೆಯಿಲ್ಲದ್ದರಿಂದಲೇ ಒಬ್ಬ ವಿದ್ಯಾರ್ಥಿ ಸಣ್ಣ ಮೊತ್ತಕ್ಕೆ ನೂರಾರು ಚೀಟಿ ಹರಡಿಕೊಂಡು ಹೋಲಿಸಬಲ್ಲ. ಅಪರೂಪದ ಚೀಟಿಯೊಂದು ಲಾಕರಿನಲ್ಲಿ ಕೂತು ಆ ಅವಕಾಶ ಯಾರಿಗೂ ಕೊಡುವುದಿಲ್ಲ. ಇಂಟರ್‌ನೆಟ್‌ನಲ್ಲಿ ಚಿತ್ರ ಸಿಗುತ್ತದಲ್ಲ ಎಂದರೆ, ಕಾಗದದೊಳಗಿನ ನೀರುಗುರುತು, ಹಿಂಬದಿಯ ಅಂಟು, ಶಾಯಿಯ ಉಬ್ಬು ಪರದೆಯ ಮೇಲೆ ಕೈಗೆ ಸಿಗುವುದಿಲ್ಲ.

ಲಕೋಟೆಯ ಮೇಲೇ ಉಳಿದ ಚೀಟಿಗೆ ಇನ್ನೂ ಹೆಚ್ಚು ತೂಕ. ಊರು, ತಾರೀಖು, ದರ, ಹೋದ ದಾರಿ ಎಲ್ಲ ಅಲ್ಲಿರುತ್ತವೆ. ಅರವತ್ತರ, ಎಪ್ಪತ್ತರ ದಶಕಗಳಲ್ಲಿ ಅಮೆರಿಕಕ್ಕೆ ಹೋದ ಮಕ್ಕಳು ಬರೆದ ಪತ್ರಗಳು ನಮ್ಮ ಕೆಲವು ಮನೆಗಳ ಟ್ರಂಕುಗಳಲ್ಲಿರಬಹುದು. ದಯವಿಟ್ಟು ಅವುಗಳ ಚೀಟಿಯನ್ನು ಕತ್ತರಿಸಬೇಡಿ, ನೀರಲ್ಲಿ ನೆನೆಸಿ ಬಿಡಿಸಬೇಡಿ. ಲಕೋಟೆಯನ್ನು ಇಡಿಯಾಗಿಯೇ ಉಳಿಸಿ.