‘ಉಚಿತ’ವೆಂಬ ಬೆಲೆ

2017ರ ಜುಲೈನಲ್ಲಿ ಜಿಯೋ ಸಂಸ್ಥೆಯು ತನ್ನ ಜಿಯೋಫೋನಿನ ಬೆಲೆ ಪರಿಣಾಮತಃ ಸೊನ್ನೆಯೆಂದು ಸಾರಿತು. ಕೊಳ್ಳುವವನು 1500 ರೂಪಾಯಿ ಠೇವಣಿ ಇಡಬೇಕಿತ್ತು. ಮೂರು ವರ್ಷಗಳ ಬಳಿಕ ಅದು ಮರಳಲಿತ್ತು. ವರ್ಷಕ್ಕೆ ಕನಿಷ್ಠ 1500 ರೂಪಾಯಿ ರೀಚಾರ್ಜ್ ಮಾಡಿಸಲೇಬೇಕೆಂಬ ಕಟ್ಟಳೆಯು ಫೋನು ಕೈಸೇರುವ ಹೊತ್ತಿಗೆ ನಿಬಂಧನೆಗಳಲ್ಲಿ ತಲೆಯೆತ್ತಿತು. ಮೂರು ವರ್ಷಕ್ಕೆ 4500 ರೂಪಾಯಿ!

ಮಾತು ಅಗ್ಗವಾದುದನ್ನು ಅಲ್ಲಗಳೆಯಲಾರೆವು. ಆದರೆ ಬಡ ಗ್ರಾಹಕನನ್ನು ಮೂರು ವರ್ಷ ಕಟ್ಟಿಹಾಕುವ ವ್ಯವಹಾರಕ್ಕೆ ‘ಉಚಿತ’ವೆಂಬ ಹೆಸರೇಕೆ? ನಿಬಂಧನೆಯಲ್ಲಿ ಬರೆದಿದೆಯಲ್ಲ ಎಂಬ ಸಮರ್ಥನೆ ನಮ್ಮ ವರ್ತಕ ಬಂಧುಗಳ ಬಾಯಲ್ಲೂ ಬರುವುದುಂಟು. ಹೀನಾಧಿಕ ಮಾನೋನ್ಮಾನವು ಅಚೌರ್ಯಾಣುವ್ರತದ ಅತಿಚಾರವೆಂದು ಓದಿದವರು ನಾವು. ತಕ್ಕಡಿಯಲ್ಲಿ ಮರೆಮಾಚಿದರೆ ಅತಿಚಾರ. ಜಾಹೀರಾತಿನಲ್ಲಿ ಮರೆಮಾಚಿದರೆ ಮಾತ್ರ ಜಾಣತನವೇ?