ಗಜದ ಮೇಲಿನ ಗೆರೆ

ರಜೆಗೆ ಮೊಮ್ಮಗ ಬಂದಿದ್ದಾನೆ. ಆರನೇ ಕ್ಲಾಸು. ಮೊನ್ನೆ ಮಧ್ಯಾಹ್ನ ನಮ್ಮ ಕುಳಗೇರಿ ಕ್ರಾಸಿನ ಮನೆಯ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಬಂದೂಕಿನ ಆಟ ಆಡುತ್ತಿದ್ದ. ಹೆದ್ದಾರಿಯ ಲಾರಿಗಳ ಸದ್ದಿಗಿಂತ ಅವನ ಮೊಬೈಲಿನ ಸದ್ದೇ ಜೋರು.

"ಅಜ್ಜಾ, ಒಂದ ನಿಮಿಷದಾಗ ಅರವತ್ತು ಗುಂಡು ಹೊಡದೆ!"

"ಎಷ್ಟು ತಾಗಿದುವು?"

"ಅದು ಗೊತ್ತಿಲ್ಲ."

ನಾನು ನಕ್ಕೆ. "ಅರ್ಧ ತಾಸಿನಲ್ಲಿ ಮೂರೇ ಗುಂಡು ಹೊಡೆದವರನ್ನು ನಾನು ನೋಡಿದ್ದೇನೆ. ಅವರಿಗೆ ಮೂರರ ಲೆಕ್ಕವೂ ಗೊತ್ತಿತ್ತು" ಎಂದೆ. ಮೊಬೈಲು ಕೆಳಗೆ ಇಳಿಯಿತು. ಅವನಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ, ಮಕ್ಕಳೇ. ಅಜ್ಜ ಅಜ್ಜಿಯರೂ ಕೇಳಬೇಕು. ಕೊನೆಯಲ್ಲಿ ನಮ್ಮ ವಯಸ್ಸಿನವರಿಗೇ ಸಂಬಂಧಿಸಿದ ಒಂದು ಮಾತು ಇದೆ.

1978ರಲ್ಲಿ ನಾನು ಕೊಡಗಿನಲ್ಲಿದ್ದೆ. ಬ್ಯಾಂಕಿನ ಗುಮಾಸ್ತನಾಗಿ ವಿರಾಜಪೇಟೆ ಕಡೆಯ ಒಂದು ಸಣ್ಣ ಶಾಖೆಗೆ ನನ್ನನ್ನು ಹಾಕಿದ್ದರು. ಬಯಲುಸೀಮೆಯ ಹುಡುಗನಿಗೆ ಆ ಮಳೆ, ಆ ಜಿಗಣೆ ಎರಡೂ ಹೊಸತು. ಆಗಸ್ಟ್ ತಿಂಗಳ ಒಂದು ಸಂತೆಯ ದಿನ ಕ್ಯಾಶ್ ಕೌಂಟರಿನ ಮುಂದೆ ಜನ ತುಂಬಿದ್ದರು. ನಾನು ಒಬ್ಬರಿಗೆ ನೋಟು ಎಣಿಸುತ್ತ, ಇನ್ನೊಬ್ಬರಿಗೆ ಉತ್ತರ ಕೊಡುತ್ತ, ಮೂರನೆಯವರ ಚೀಟಿಗೆ ಕೈ ಚಾಚುತ್ತಿದ್ದೆ. ಸಂಜೆ ಲೆಕ್ಕ ಹಾಕಿದಾಗ 200 ರೂಪಾಯಿ ಕಡಿಮೆ ಬಂತು. ಆಗಿನ ನನ್ನ ಸಂಬಳದಲ್ಲಿ ಅದು ದೊಡ್ಡ ಪಾಲು. ಕಡಿಮೆ ಬಿದ್ದದ್ದನ್ನು ನಾನೇ ಕಟ್ಟಬೇಕಾಯಿತು. ಆ ತಿಂಗಳು ಊರಿಗೆ ಅವ್ವನಿಗೆ ಮನಿಯಾರ್ಡರ್ ಹೋಗಲಿಲ್ಲ.

ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು ಪಿಂಚಣಿಗೆ ಬರುತ್ತಿದ್ದರು. ನನ್ನ ಸಪ್ಪೆ ಮುಖ ನೋಡಿ, "ಕೈಲ್ ಪೊಳ್ದ್‌ಗೆ ನಮ್ಮ ಮನೆಗೆ ಬನ್ನಿ" ಎಂದು ಕರೆದರು.

ಕೈಲ್ ಪೊಳ್ದ್ ಕೊಡವರ ಆಯುಧಪೂಜೆ. ಗದ್ದೆಯ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುತ್ತದೆ. ನಾಟಿಯ ಕಾಲದಲ್ಲಿ ಎತ್ತಿಟ್ಟಿದ್ದ ಕೋವಿಯನ್ನು ಅಂದು ಹೊರಗೆ ತಂದು, ತೊಳೆದು ಒರೆಸಿ, ಹೂವಿಟ್ಟು ಪೂಜೆ ಮಾಡುತ್ತಾರೆ. ಕೊಡವ ಮಾತಿನಲ್ಲಿ ಕೋವಿಗೆ ತೋಕ್ ಎನ್ನುತ್ತಾರೆ. ಅದಕ್ಕೆ ಮುಡಿಸುವ ಹೂವಿನ ಹೆಸರು ತೋಕ್ ಪೂ. ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಎಸಳುಗಳು. ನಾವು ಅಗ್ನಿಶಿಖೆ ಎನ್ನುವ ಹೂವು ಅದೇ. ಪೂಜೆ, ಊಟ ಮುಗಿದ ಮೇಲೆ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ, ಅದಕ್ಕೆ ಗುಂಡು ಹೊಡೆಯುವ ಪಂದ್ಯ.

ಉಳಿದವರ ಕೈಯಲ್ಲಿ ತೋಟಾ ಕೋವಿಗಳಿದ್ದವು. ಆ ಹಿರಿಯರು ಮಾತ್ರ ತಮ್ಮ ಅಜ್ಜನ ಕಾಲದ ಕೇಪಿನ ಕೋವಿ ತಂದಿದ್ದರು. ಅದಕ್ಕೆ ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಬೇಕು. ಮೊದಲು ಮದ್ದನ್ನು ಅಳತೆ ಮಾಡಿ ಸುರಿದರು. ಮೇಲೆ ತೆಂಗಿನ ನಾರಿನ ಉಂಡೆ ಇಟ್ಟರು. ಆಮೇಲೆ ಗುಂಡು. ಗಜ ಎಂಬ ಉದ್ದನೆಯ ಕೋಲಿನಿಂದ ಎಲ್ಲವನ್ನೂ ತಳ ಮುಟ್ಟುವ ತನಕ ಜಡಿದರು. ಕಟ್ಟಕಡೆಗೆ, ಕಾಯಿಯ ಕಡೆ ತಿರುಗಿ ನಿಂತ ಮೇಲೆ, ಕಾಳಿನಷ್ಟು ಚಿಕ್ಕದಾದ ತಾಮ್ರದ ಕೇಪನ್ನು ಹಿಂಬದಿಯ ಮೊಳೆಗೆ ತೊಡಿಸಿದರು. ಕೇಪಿನ ಮೇಲೆ ಬಡಿಯುವ ಭಾಗಕ್ಕೆ ಕುದುರೆ ಎನ್ನುತ್ತಾರೆ. ಕುದುರೆ ಎಳೆದು, ಗುರಿ ಹಿಡಿದು, ಉಸಿರು ನಿಲ್ಲಿಸಿ ಹೊಡೆದರು.

ಢಂ! ಬಿಳಿ ಹೊಗೆ ಮುಖದ ಮುಂದೆ ನಿಂತುಬಿಟ್ಟಿತು. ಕಾಯಿಗೆ ತಾಗಿತೋ ಇಲ್ಲವೋ ಎಂದು ನೋಡಲಿಕ್ಕೂ ಹೊಗೆ ಸರಿಯುವ ತನಕ ಕಾಯಬೇಕು. ತಾಗಿರಲಿಲ್ಲ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೋವಿ ಒರಗಿಸಿ, ಮರದ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಮತ್ತೆ ಮೊದಲಿನಿಂದ ಎಲ್ಲವನ್ನೂ ಶುರುಮಾಡಿದರು. ನಾನು ಸುಮ್ಮನಿರಲಾರದೆ ಕೇಳಿದೆ: "ಗುಂಡು ಎಡಕ್ಕೆ ಹೋಯಿತೇ ಸರ್?"

ಅವರ ಕೈ ನಿಂತಿತು. ನನಗೆ ಉತ್ತರ ಕೊಡಲಿಲ್ಲ. ಗಜವನ್ನು ನಿಧಾನವಾಗಿ ನಳಿಗೆಯೊಳಗೆ ಇಳಿಸಿದರು. ಅದರ ಮೇಲೆ ಚಾಕುವಿನಿಂದ ಕೊರೆದ ಎರಡು ಗೆರೆಗಳಿದ್ದವು. ಒಂದು ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ನಿಂತರೆ ಕೋವಿ ಖಾಲಿ. ಇನ್ನೊಂದು ನಿಂತರೆ ಭರ್ತಿ. ನೋಡಿ, ಖಚಿತ ಮಾಡಿಕೊಂಡು, ಆಮೇಲೆ ಹೇಳಿದರು:

"ಮದ್ದು ತುಂಬುವವನನ್ನು ಮಾತಾಡಿಸಬಾರದು. ಹಾಕಿದೆನೋ ಇಲ್ಲವೋ ಎಂದು ಮರೆತು ಎರಡು ಸಲ ಹಾಕಿದರೆ ನಳಿಗೆಯೇ ಒಡೆದು ಮುಖಕ್ಕೆ ಬರಬಹುದು. ನನ್ನ ನೆನಪನ್ನು ನಾನು ನಂಬುವುದಿಲ್ಲ. ಗೆರೆಯನ್ನು ನಂಬುತ್ತೇನೆ."

ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಕಾಯಿ ಸಿಡಿದು ಎಳನೀರು ಚಿಮ್ಮಿತು. ಮಕ್ಕಳು ಹೋಳು ಆರಿಸಲು ಓಡಿದರು. ಅಷ್ಟಕ್ಕೆ ಅರ್ಧ ತಾಸು ಹಿಡಿದಿತ್ತು. "ಬೇಗ" ಎಂದವರು ಅಲ್ಲಿ ಒಬ್ಬರೂ ಇರಲಿಲ್ಲ. ಸಂಜೆ ಅವರು ಕೋವಿಯನ್ನು ಬಿಸಿನೀರಿನಿಂದ ತೊಳೆದು, ಒರೆಸಿ, ಎಣ್ಣೆ ಹಚ್ಚಿದರು. ಸುಟ್ಟ ಮದ್ದಿನ ಮಸಿ ಒಳಗೆ ಉಳಿದರೆ ತೇವ ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಹೊಡೆಯಲು ಒಂದು ಕ್ಷಣ, ಅದರ ಹಿಂದೆ ಮುಂದೆ ಇಷ್ಟು ಕೆಲಸ!

ಇಂಥ ಹಳೆಯ ಕೋವಿಗಳಿಗೆ ಈಗಲೂ ವಿಶ್ವ ಮಟ್ಟದ ಗುರಿ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ಒಬ್ಬರಿಗೆ 30 ನಿಮಿಷ, 13 ಗುಂಡು. ಅದರಲ್ಲಿ ಚೆನ್ನಾಗಿ ಬಿದ್ದ 10 ಮಾತ್ರ ಲೆಕ್ಕಕ್ಕೆ. ಮದ್ದಿನ ಡಬ್ಬದಿಂದ ನೇರವಾಗಿ ನಳಿಗೆಗೆ ಸುರಿಯುವಂತಿಲ್ಲ. ಒಳಗೆ ಕಿಡಿ ಉಳಿದಿದ್ದರೆ ಡಬ್ಬವೇ ಹೊತ್ತಿಕೊಳ್ಳಬಹುದು. ಅದಕ್ಕೇ ಒಂದೊಂದು ಸಲದ ಮದ್ದನ್ನೂ ಮೊದಲೇ ಪುಟ್ಟ ಪುಟ್ಟ ಕೊಳವೆಗಳಲ್ಲಿ ಅಳೆದು ಇಟ್ಟುಕೊಂಡು ಬರಬೇಕು. ಮಕ್ಕಳೇ, ಲೆಕ್ಕ ಹಾಕಿ: 1800 ಸೆಕೆಂಡನ್ನು 13ರಿಂದ ಭಾಗಿಸಿದರೆ ಒಂದು ಗುಂಡಿಗೆ ಸುಮಾರು 2 ನಿಮಿಷ 18 ಸೆಕೆಂಡು. ಒಲಿಂಪಿಕ್ಸ್‌ನಲ್ಲಿ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನ ಪಂದ್ಯ ಇದೆಯಲ್ಲ, ಅದರ ಅತಿ ವೇಗದ ಸುತ್ತಿನಲ್ಲಿ 5 ಗುಂಡಿಗೆ 4 ಸೆಕೆಂಡು! ಅದೂ ವಿದ್ಯೆಯೇ. ಇದು ಬೇರೆ ವಿದ್ಯೆ. ತಪ್ಪಿದ್ದು ಏಕೆ ಎಂದು ಯೋಚಿಸಲು ಇದರಲ್ಲಿ ಪುರುಸೊತ್ತು ಸಿಗುತ್ತದೆ.

ಮೊಮ್ಮಗ ಕೇಳಿದ: "ಯುದ್ಧದಾಗೂ ಹಿಂಗ ನಿಧಾನ ಮಾಡತಿದ್ರೇನು?"

ಇಲ್ಲ. ಯುದ್ಧದಲ್ಲಿ ಇಂಥ ಬಂದೂಕಿನಿಂದಲೇ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಗುಂಡು ಹೊಡೆಯುತ್ತಿದ್ದ. ಅಲ್ಲಿ ಗುರಿಗಿಂತ ಗಡಿಬಿಡಿ ಹೆಚ್ಚು. ನಮ್ಮದೇ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರ ಕಥೆ ನಿಮಗೆ ಗೊತ್ತಲ್ಲ? 1857ರಲ್ಲಿ ಇಂಗ್ಲಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಆಯುಧ ಒಪ್ಪಿಸಿ ಎಂದಾಗ ಅವರು ಒಪ್ಪಲಿಲ್ಲ. ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಕೊಡಗಿನವರಿಗೆ 1861ರಲ್ಲಿ ಆ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಹಾಗಾಗಿ ಅಲ್ಲಿ ಕೋವಿ ಹಬ್ಬದ ಸಾಮಾನಾಗಿ ಉಳಿಯಿತು, ಇಲ್ಲಿ ಲಾವಣಿಯಲ್ಲಿ ಉಳಿಯಿತು. ಆ ದಿನ ತೆಂಗಿನಕಾಯಿ ಸಿಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಹಲಗಲಿ ನೆನಪಾಯಿತು. ಕೋವಿಗೆ ತೆಂಗಿನಕಾಯಿಗಿಂತ ದೊಡ್ಡ ಗುರಿ ಯಾವತ್ತೂ ಬೇಡ ಎನ್ನಿಸಿತು.

ಮರುದಿನ ಕೌಂಟರಿನಲ್ಲಿ ನಾನೂ ಗೆರೆ ಹಾಕಿಕೊಂಡೆ. ನೋಟು ಎಣಿಸುವಾಗ ಯಾರಾದರೂ ಮಾತಾಡಿಸಿದರೆ, ಎಣಿಸಿದ್ದನ್ನು ಕೆಳಗಿಟ್ಟು ಮತ್ತೆ ಒಂದರಿಂದ ಶುರು. ಒಂದು ಕಟ್ಟು ಮುಗಿದರೆ ಚೀಟಿಯ ಮೇಲೆ ಪೆನ್ಸಿಲಿನ ಒಂದು ಗೀಟು, ಆಮೇಲೆಯೇ ಮುಂದಿನ ಕಟ್ಟು. ಸಾಲಿನಲ್ಲಿ ನಿಂತವರು ಗೊಣಗಿದರು, ನಿಜ. ಆದರೆ ನಿವೃತ್ತನಾಗುವ ತನಕ ಮತ್ತೆ ಕೈಯಿಂದ ಕಟ್ಟುವ ಪ್ರಸಂಗ ಬರಲಿಲ್ಲ.

ಇನ್ನು ಅಜ್ಜ ಅಜ್ಜಿಯರಿಗೆ ಹೇಳುತ್ತೇನೆ ಎಂದಿದ್ದ ಮಾತು. ಕೊಡಗಿನ ಕಡೆ ಔಷಧಕ್ಕೂ ಮದ್ದು ಎನ್ನುತ್ತಾರೆ, ಕೋವಿಗೆ ಹಾಕುವುದಕ್ಕೂ ಮದ್ದು ಎನ್ನುತ್ತಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ನಾನು ಬಿಪಿ ಗುಳಿಗೆ ನುಂಗಿದೆ. ಅಷ್ಟರಲ್ಲಿ ಫೋನು ಬಂತು. ಮಾತು ಮುಗಿಸಿ ಬಂದು ಮತ್ತೊಂದು ನುಂಗಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲೆ ಬಂದು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಸೊಸೆ ಹೆದರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಒಂದು ದಿನ ಮಲಗಿದ್ದು ಎದ್ದೆ. ನಾಲ್ಕು ದಶಕಗಳ ಹಿಂದೆ ಕಲಿತ ಪಾಠವನ್ನು ನನ್ನ ಮೇಲೆಯೇ ಮರೆತಿದ್ದೆ: ಎರಡು ಸಲ ಮದ್ದು!

ಈ ಕಥೆ ಕೇಳಿದ ಮೊಮ್ಮಗ ಎದ್ದು ಒಳಗೆ ಹೋದ. ಕ್ಯಾಲೆಂಡರಿನ ಪ್ರತಿ ತಾರೀಖಿನ ಕೆಳಗೂ ಎರಡು ಚಿಕ್ಕ ಚೌಕ ಬರೆದ. ಬೆಳಿಗ್ಗೆಯದಕ್ಕೆ ಒಂದು, ರಾತ್ರಿಯದಕ್ಕೆ ಒಂದು. ಗುಳಿಗೆ ನುಂಗಿದ ಕೂಡಲೇ ಗೆರೆ ಎಳೆಯಬೇಕು. ಈಗ ಮನೆಯಲ್ಲಿ ಅದಕ್ಕೆ "ಅಜ್ಜನ ಗಜ" ಎಂದೇ ಹೆಸರು.

ಅವನಿಗೊಂದು ಆಟವನ್ನೂ ಕಲಿಸಿದೆ. ಹಿತ್ತಲಿನ ಕಲ್ಲಿನ ಮೇಲೆ ಖಾಲಿ ಎಣ್ಣೆ ಡಬ್ಬಿ. ಅದರ ಹಿಂದೆ ಮನುಷ್ಯರೂ ಇರಬಾರದು, ದನಕರುವೂ ಇರಬಾರದು. ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಗೆರೆ. ಒಂದೇ ಒಂದು ಹರಳು. ಎಸೆಯಬೇಕು, ಹೋಗಿ ಎಲ್ಲಿ ಬಿತ್ತೆಂದು ನೋಡಬೇಕು, ಆರಿಸಿ ತರಬೇಕು, ಗೆರೆಯ ಮೇಲೆ ನಿಂತು ಮೂರು ಉಸಿರು ಎಳೆದು ಮತ್ತೆ ಎಸೆಯಬೇಕು. ಅರ್ಧ ತಾಸಿಗೆ 13 ಎಸೆತ, 10 ಮಾತ್ರ ಲೆಕ್ಕಕ್ಕೆ. ಮೊದಲ ದಿನ ಎರಡು ತಾಗಿದುವು. ನಿನ್ನೆ ಆರು.

ನಿನ್ನೆ ಸಂಜೆ ಚಹಾ ಕುಡಿಯುತ್ತ ನಾನು, "ಏನೋ, ಇವತ್ತು ಎಡಕ್ಕೆ ಹೊಂಟಾವಲ್ಲ?" ಎಂದೆ.

ಅವನು ನನ್ನ ಕಡೆ ತಿರುಗಲೂ ಇಲ್ಲ. ಹರಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ.

"ಅಜ್ಜಾ, ಈಗ ಮಾತಾಡಸಬ್ಯಾಡ. ಮದ್ದು ತುಂಬಾಕತ್ತೇನಿ."