ಕಡಲನ್ನು ವರಿಸಿದ ನಗರ

ವೆನಿಸ್ ಗಣರಾಜ್ಯದ ಅಧಿಪತಿಯಾದ ಡೋಜನು ವರ್ಷಕ್ಕೊಮ್ಮೆ ಕಡಲನ್ನು ಮದುವೆಯಾಗುತ್ತಿದ್ದನೆಂದರೆ ಓದುಗರು ನಕ್ಕಾರು. ಆದರೆ ಅದು ಧರ್ಮವೂ ರಾಜ್ಯವೂ ಕೂಡಿ ನಡೆಸುತ್ತಿದ್ದ ಮಹೋತ್ಸವ. ಕ್ರಿಸ್ತನ ಸ್ವರ್ಗಾರೋಹಣದ ಹಬ್ಬದಂದು ಅವನು ಬುಚಿಂತೋರೊ ಎಂಬ ಚಿನ್ನದ ಲೇಪದ ನೌಕೆಯನ್ನೇರಿ, ಲಿಡೊ ದ್ವೀಪದತ್ತ ಸಾಗಿ, ಉಂಗುರವೊಂದನ್ನು ನೀರಿಗೆಸೆದು, ಕಡಲು ತನ್ನ ನಾಡಿನ ವಶವೆಂದು ಸಾರುತ್ತಿದ್ದನು.

ಡೋಜನ ಉತ್ಸವಗಳನ್ನು ಕುರಿತು ಫ್ರಾಂಚೆಸ್ಕೊ ಗ್ವಾರ್ದಿ ರಚಿಸಿದ 12 ಚಿತ್ರಗಳಲ್ಲಿ ಎರಡು ಈ ವಿವಾಹದವು. ಒಂದರಲ್ಲಿ ನೌಕೆ ಲಿಡೊದತ್ತ ಹೊರಟಿದೆ. ಇನ್ನೊಂದರಲ್ಲಿ ಅಲ್ಲಿಯ ಸಂತ ನಿಕೋಲನ ದೇವಾಲಯದ ಸಮೀಪಕ್ಕೆ ಬಂದಿದೆ. ಕನಲೆತ್ತೊ ಬರೆದ ರೇಖಾಚಿತ್ರಗಳಿಂದ ಕೆತ್ತಿದ ಅಚ್ಚುಗಳು ಗ್ವಾರ್ದಿಗೆ ಆಧಾರ. ನೀರಿನ ಮೇಲೆ ನಡುಗುವ ಬೆಳಕು ಮಾತ್ರ ಅವನದೇ.

ಆ ವೇಳೆಗೆ ವೆನಿಸ್ಸಿನ ಕಡಲೊಡೆತನ ಹೆಸರಿಗಷ್ಟೇ ಉಳಿದಿತ್ತು. ವೈಭವಕ್ಕೆ ಮಾತ್ರ ಕುಂದಿರಲಿಲ್ಲ. 1797ರಲ್ಲಿ ನೆಪೋಲಿಯನ್ನನೆದುರು ಗಣರಾಜ್ಯವು ಕುಸಿಯಿತು. 1798ರಲ್ಲಿ ಫ್ರೆಂಚ್ ಸೈನಿಕರು ಬುಚಿಂತೋರೊದ ಕೆತ್ತನೆಗಳನ್ನು ಕಿತ್ತು, ಚಿನ್ನದಾಸೆಗೆ ಸುಟ್ಟರು.

ವಿಧಿಯ ವಿನೋದವನ್ನು ನೋಡಿರಿ: ಆ ಎರಡು ಚಿತ್ರಗಳೂ ಇಂದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ನೌಕೆಯನ್ನು ಸುಟ್ಟವರ ರಾಜಧಾನಿಯಲ್ಲಿಯೇ ಅದು ಇನ್ನೂ ಮದುವೆಯ ದಿಬ್ಬಣದೊಡನೆ ತೇಲುತ್ತಿದೆ. ಕಡಲನ್ನು ಆಳುವೆನೆಂದ ಅರಸೊತ್ತಿಗೆ ಅಳಿಯಿತು. ಅದರ ಹಬ್ಬವನ್ನು ಬಣ್ಣದಲ್ಲಿ ಹಿಡಿದಿಟ್ಟ ಕುಂಚದ ಕೆಲಸ ಉಳಿಯಿತು.